ಹಡಗಿನ ಸ್ಟೋರನ್ನು ರೋಬೋಟ್ ನೋಡಿಕೊಳ್ಳುತ್ತಾ?

‘ದೊಡ್ಡ ಹಡಗುಗಳಲ್ಲಿ ಬಿಡಿಭಾಗಗಳ ಸ್ಟೋರನ್ನು ಈಗ ರೋಬೋಟ್‌ಗಳೇ ನೋಡಿಕೊಳ್ಳುತ್ತವಂತೆ, ನಿಜವಾ?’ ಎಂದು ಕೇಳಿದ್ದೀರಿ. ನಾನು ಸರಕು ಹಡಗುಗಳಲ್ಲಿ ಎಂಜಿನಿಯರ್. ನಾನಿದ್ದ ಯಾವ ಹಡಗಿನಲ್ಲೂ ಅಂಥದ್ದು ಇರಲಿಲ್ಲ. ಲೆಕ್ಕ ಇಡುವುದು ಕಂಪ್ಯೂಟರ್, ಎತ್ತಿ ಇಳಿಸುವುದು ನಾವೇ.

ಲೆಕ್ಕ ಮಾತ್ರ ಅಚ್ಚುಕಟ್ಟು. ಯಾವ ಭಾಗ, ಯಾವ ಕಪಾಟಿನ ಯಾವ ಡ್ರಾಯರ್‌ನಲ್ಲಿದೆ, ಎಷ್ಟು ಉಳಿದಿದೆ ಎಲ್ಲ ಸಾಫ್ಟ್‌ವೇರ್‌ನಲ್ಲಿ ಸಿಗುತ್ತದೆ. ಪೇಂಟ್, ಬ್ರಷ್, ನಟ್ಟು-ಬೋಲ್ಟಿನಂಥ ಸಾಮಾನಿಗೆ ಇಂಪಾ ಎನ್ನುವ 6 ಅಂಕಿಯ ಕೋಡ್ ಇದೆ. ಸಿಂಗಾಪುರದಲ್ಲಿ ಕೇಳಿ, ರಾಟರ್‌ಡ್ಯಾಮ್‌ನಲ್ಲಿ ಕೇಳಿ, ಅಂಗಡಿಯವನಿಗೆ ಆ ನಂಬರ್ ಕೊಟ್ಟರೆ ಸಾಕು.

ಎಡವಟ್ಟಾಗುವುದು ಡ್ರಾಯರ್ ಹತ್ತಿರ. ಒಮ್ಮೆ ನಡುಸಮುದ್ರದಲ್ಲಿ ಜನರೇಟರಿನ ಒಂದು ಇಂಜೆಕ್ಟರ್ ನಾಜಲ್, ಅಂದರೆ ಎಂಜಿನ್ನಿನೊಳಗೆ ಇಂಧನ ಚಿಮ್ಮಿಸುವ ಮೂತಿ, ಕೈಕೊಟ್ಟಿತು. ಸ್ಕ್ರೀನ್ ನೋಡಿದರೆ ಹೊಸ ನಾಜಲ್ 6. ಡ್ರಾಯರ್ ಎಳೆದರೆ ಒಂದೇ ಒಂದು, ಜೊತೆಗೆ 5 ಖಾಲಿ ಡಬ್ಬಿ! ರಾತ್ರಿ ಎರಡು ಗಂಟೆಗೆ ಯಾರೋ ತೆಗೆದಿದ್ದಾರೆ, ಆಮೇಲೆ ಬರೆದರಾಯಿತು ಅಂತ ಬಿಟ್ಟಿದ್ದಾರೆ. ಬಾರ್‌ಕೋಡ್ ಸ್ಕ್ಯಾನರ್ ಇತ್ತು, ಅದರಲ್ಲಿ ಚಾರ್ಜ್ ಇರಲಿಲ್ಲ. ಸುಮ್ನೆ ಬೈದು ಏನು ಪ್ರಯೋಜನ? ಮೊಣಕೈವರೆಗೂ ಗ್ರೀಸ್ ಇರುವಾಗ ನಾನೂ ಹಾಗೇ ಮಾಡಿದ್ದೇನೆ. ಅವತ್ತಿನಿಂದ ಸ್ಟೋರಿನ ಬಾಗಿಲಿಗೆ ಒಂದು ನೋಟ್‌ಬುಕ್, ದಾರ ಕಟ್ಟಿದ ಪೆನ್ಸಿಲ್ ನೇತುಹಾಕಿದ್ದೇನೆ. ಸಂಜೆ ಅದನ್ನು ನೋಡಿ ಕಂಪ್ಯೂಟರಿಗೆ ಏರಿಸುತ್ತೇನೆ.

ರೋಬೋಟ್ ಯಾಕಿಲ್ಲ ಅಂದರೆ, ಅವು ಕೆಲಸ ಮಾಡುವ ಗೋಡೌನಿನ ನೆಲ ಅಲುಗಾಡುವುದಿಲ್ಲ, ನಮ್ಮದು ಅಲುಗಾಡುತ್ತದೆ. ಹವೆ ಕೆಟ್ಟರೆ ಹಡಗು ಆ ಕಡೆ ಈ ಕಡೆ ಹೊರಳುತ್ತಲೇ ಇರುತ್ತದೆ. ಡ್ರಾಯರಿಗೆ ಚಿಲಕ, ಕಪಾಟಿಗೆ ಅಡ್ಡಪಟ್ಟಿ ಹಾಕದಿದ್ದರೆ ಬೆಳಗಾಗುವಷ್ಟರಲ್ಲಿ ಎಲ್ಲ ನೆಲದ ಮೇಲೆ. ಇನ್ನು ಸೋರಿಕೆ ತಡೆಯುವ, ಬೆರಳುಂಗುರದಷ್ಟು ಚಿಕ್ಕ ಓ-ರಿಂಗ್ ಎಂಬ ರಬ್ಬರ್ ಬಳೆ, ಕ್ರೇನ್ ಇಲ್ಲದೆ ಅಲ್ಲಾಡದ ಪಿಸ್ಟನ್, ಎರಡನ್ನೂ ಒಂದೇ ಯಂತ್ರ ಎತ್ತಬೇಕು. ಅದೂ ಇಪ್ಪತ್ತು ಚಿಲ್ಲರೆ ಜನ ಇರುವ ಹಡಗಿಗೆ. ಆ ರೋಬೋಟ್ ಕೆಟ್ಟರೆ ಅದರ ಬಿಡಿಭಾಗ ಇಡೋಕೆ ಇನ್ನೊಂದು ಡ್ರಾಯರ್ ಬೇಕು, ಅಲ್ವಾ?

ಯುದ್ಧನೌಕೆಗಳ ಕಥೆ ಬೇರೆ, ಅಲ್ಲಿ ದುಡ್ಡು ಜಾಸ್ತಿ. ಅಮೆರಿಕದ ಜೆರಾಲ್ಡ್ ಆರ್. ಫೋರ್ಡ್ ವಿಮಾನವಾಹಕ ನೌಕೆಯಲ್ಲಿ ಬಾಂಬು, ಕ್ಷಿಪಣಿಗಳನ್ನು ಮೇಲಕ್ಕೆ ತರಲು 11 ಲಿಫ್ಟುಗಳಿವೆ. ಹಗ್ಗದ ಬದಲು ಅಯಸ್ಕಾಂತದ ಬಲದಿಂದ ಓಡುತ್ತವೆ. ಹಡಗು ನೌಕಾಪಡೆಗೆ ಸೇರಿದ್ದು 2017ರಲ್ಲಿ, ಕೊನೆಯ ಲಿಫ್ಟ್ ಸಿದ್ಧವಾಗಿದ್ದು 2021ರ ಡಿಸೆಂಬರ್‌ನಲ್ಲಿ. ಅಷ್ಟಾದರೂ ಬಾಂಬಿನ ಗಾಡಿಯನ್ನು ಲಿಫ್ಟಿನೊಳಕ್ಕೆ ತಳ್ಳುವುದು ನಾವಿಕರೇ.