ಮಚ್ಚೆ ಬಲಗೆನ್ನೆಗೆ ಬಂದದ್ದು ಕನ್ನಡಿಯಿಂದ

ಮಚ್ಚೆ ಬೇರೆ ಕೆನ್ನೆಗಿದೆ, ಚಿತ್ರದಲ್ಲಿರೋದು ಅಜ್ಜನೇ ಹೌದಾ ಅಂತ ಕೇಳಿದ್ದೀರಿ. ಇದು ಬಹುಪಾಲು ಕನ್ನಡಿಯ ಕೆಲಸ. ಫೋಟೋದಲ್ಲಿ ಅಜ್ಜನ ಎಡಗೆನ್ನೆಗಿರೋ ಮಚ್ಚೆ ಅವರೇ ಬರೆದುಕೊಂಡ ಚಿತ್ರದಲ್ಲಿ ಬಲಕ್ಕಿದೆ ಅಂದಿರಲ್ಲ, ಕನ್ನಡಿ ನೋಡಿ ಬರೆದರೆ ಹಾಗೇ ಆಗೋದು. ಚಿತ್ರಕಾರ ವ್ಯಾನ್ ಗೋ ಕೊಯ್ದುಕೊಂಡದ್ದು ಎಡಗಿವಿ, 1889ರಲ್ಲಿ ತನ್ನನ್ನೇ ಬರೆದುಕೊಂಡ ಚಿತ್ರದಲ್ಲಿ ಬ್ಯಾಂಡೇಜು ಬಲಗಿವಿಗೆ ಕಾಣುತ್ತೆ.

ಮೊದಲು ಚಿತ್ರದಲ್ಲಿ ಶರಟಿನ ಜೇಬು ನೋಡಿ. ಜೇಬು ಸಾಮಾನ್ಯವಾಗಿ ಎಡಕ್ಕಿರುತ್ತೆ, ಬಲ ಎದೆ ಮೇಲಿದ್ದರೆ ಕನ್ನಡಿ ನೋಡಿ ಬರೆದದ್ದು ಅನ್ನೋದಕ್ಕೆ ಅನುಮಾನವೇ ಬೇಡ.

ಆಮೇಲೆ ಚಿತ್ರವನ್ನ ಗೋಡೆಯಿಂದ ಇಳಿಸಿ, ನೆಟ್ಟಗೆ ನಿಲ್ಲಿಸಿ, ಫೋನನ್ನು ಮುಖದ ಎತ್ತರಕ್ಕೇ ಹಿಡಿದು ಫೋಟೋ ತೆಗೀರಿ. ತೂಗುಹಾಕಿದ್ದನ್ನ ಕೆಳಗಿನಿಂದ ತೆಗೆದರೆ ಮುಖದ ಅಳತೆಯೇ ಕೆಡುತ್ತೆ. ಗ್ಯಾಲರಿಯಲ್ಲಿ ಅದನ್ನ ಎಡಬಲ ತಿರುಗಿಸಿ, ಅಜ್ಜನ ಫೋಟೋ ಪಕ್ಕ ಇಡಿ. ಎರಡರಲ್ಲೂ ಕಣ್ಣುಗುಡ್ಡೆಗಳ ನಡುವಿನ ಅಂತರ ಒಂದೇ ಆಗೋ ಹಾಗೆ ಹಿಗ್ಗಿಸಿ. ಈಗ ಕಿವಿಯ ಹಾಲೆ ಕೆನ್ನೆಗೆ ಅಂಟಿದೆಯೋ ಜೋತಿದೆಯೋ, ಮೂಗಿನ ಹೊಳ್ಳೆ ಎಷ್ಟಗಲ, ಹುಬ್ಬು ಎಲ್ಲಿ ಮುರಿಯುತ್ತೆ ನೋಡಿ. ಮೀಸೆ, ಮೈಬಣ್ಣ ನಂಬಬೇಡಿ.

ಅಜ್ಜ ಬರೆದ ಬೇರೆ ಚಿತ್ರಗಳಲ್ಲಿ ಅಜ್ಜಿಗೂ ತೋಟದ ಸಾಹುಕಾರ್ರಿಗೂ ಅದೇ ಮೂಗು ಬಂದಿದೆ ಅಂದ್ರಲ್ಲ, ಅದು ಕೈ ಅಭ್ಯಾಸ. ಬರೆಯೋರು ತಮ್ಮ ಮುಖವನ್ನೇ ಬೇರೆಯವರಿಗೂ ಅಂಟಿಸ್ತಾರೆ ಅಂತ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿಯೇ ಎಚ್ಚರಿಸಿದ್ದ. ಹಾಗಾಗಿ ಮೂಗೊಂದನ್ನೇ ಹಿಡಿದು ನೆಂಟಸ್ತನ ಹೇಳೋಕೆ ಹೋಗಬೇಡಿ, ಕಿವಿಗೆ ಹೆಚ್ಚು ತೂಕ ಕೊಡಿ.

ಒಂದು ಅನುಮಾನ ಮಾತ್ರ ಉಳೀತು. ಮೂಡಿಗೆರೆ ಮಳೆಗೆ ಕ್ಯಾನ್ವಾಸ್ ಮೇಲೆ ಬೂಷ್ಟು ಚುಕ್ಕೆ ಏಳುತ್ತೆ, ನೀವು ಹಾಕಿರೋ ಮಸುಕು ಫೋಟೋದಲ್ಲಿ ಅದು ಮಚ್ಚೆಯೋ ಬೂಷ್ಟೋ ನನಗೆ ಖಾತ್ರಿಯಿಲ್ಲ. ಟಾರ್ಚನ್ನ ಪಕ್ಕದಿಂದ ಓರೆಯಾಗಿ ಬಿಡಿ. ಕುಂಚದ ಗೆರೆ ಚುಕ್ಕೆಯಲ್ಲೂ ಸಾಗಿದ್ದರೆ ಬಣ್ಣ. ಮೇಲೆ ಪುಡಿಪುಡಿಯಾಗಿ ಕೂತಿದ್ದರೆ ಬೂಷ್ಟು. ಒದ್ದೆ ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ.