ನಿಮ್ಮ ಲೇಖನದಲ್ಲಿ ಸತ್ತವರೇ ಇಲ್ಲ

ಮಂಡ್ಯದ ಗೆಳೆಯರಿಗೆ ನಮಸ್ಕಾರ.

ಕಡಿಮೆ ದುಡ್ಡಿನಲ್ಲಿ ತೆಗೆದ ಸರಣಿ ಹಂತಕರ ಸಿನಿಮಾಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ. ಸಿನಿಮಾಗಳನ್ನು ನೋಡಿಯೇ ಬರೆದಿದ್ದೀರಿ, ಸಂತೋಷ. ಆದರೆ ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಹೀಗೇ ಅಚ್ಚು ಮಾಡಲು ನನ್ನಿಂದ ಆಗುವುದಿಲ್ಲ.

ನಿಮ್ಮ ಮೊದಲ ಸಾಲನ್ನೇ ತೆಗೆದುಕೊಳ್ಳೋಣ. "600 ಜನರನ್ನು ಕೊಂದ ಚಾಣಾಕ್ಷ ಹಂತಕ ಹೆನ್ರಿ ಲೀ ಲ್ಯೂಕಸ್‌ನ ಮೈ ಜುಮ್ಮೆನ್ನಿಸುವ ಕಥೆಯೇ 'ಹೆನ್ರಿ: ಪೋರ್ಟ್ರೇಟ್ ಆಫ್ ಎ ಸೀರಿಯಲ್ ಕಿಲ್ಲರ್'."

ಆ 600 ಅವನ ಬಾಯಲ್ಲಿ ಬಂದ ಲೆಕ್ಕ. ಪೊಲೀಸರು ಯಾವ ಕೊಲೆ ಬಗ್ಗೆ ಕೇಳಿದರೂ ನಾನೇ ಮಾಡಿದ್ದು ಅಂದ. ಅದರಲ್ಲಿ ಬಹುಪಾಲು ಸುಳ್ಳು ಅಂತ ಆಮೇಲೆ ಬಯಲಾಯಿತು. ಅವನಿಗೆ ಶಿಕ್ಷೆಯಾದದ್ದು 11 ಕೊಲೆಗಳಿಗೆ. ಅದರಲ್ಲೂ ಒಂದಕ್ಕೆ ಬಿದ್ದ ಮರಣದಂಡನೆಯನ್ನು ಆಗಿನ ಟೆಕ್ಸಸ್ ಗವರ್ನರ್ ಜಾರ್ಜ್ ಬುಷ್ 1998ರಲ್ಲಿ ಜೀವಾವಧಿಗೆ ಇಳಿಸಿದರು. ಕೊಲೆಯ ಹೊತ್ತಿಗೆ ಅವನು ಫ್ಲಾರಿಡಾದಲ್ಲಿದ್ದ ಅನ್ನುವುದಕ್ಕೆ ಪುರಾವೆ ಇತ್ತು.

ಆ ಕೊಲೆಯಲ್ಲಿ ಸತ್ತವರು ಯಾರು ಅಂತ ನೀವು ಹುಡುಕಿದಿರಾ? 1979ರಲ್ಲಿ ಟೆಕ್ಸಸ್‌ನ ಜಾರ್ಜ್‌ಟೌನ್ ಹತ್ತಿರ ಹೆದ್ದಾರಿ ಬದಿಯ ಮೋರಿಯಲ್ಲಿ ಒಬ್ಬ ಹೆಂಗಸಿನ ಶವ ಸಿಕ್ಕಿತು. ಮೈಮೇಲೆ ಇದ್ದದ್ದು ಕಿತ್ತಳೆ ಬಣ್ಣದ ಕಾಲುಚೀಲ ಮಾತ್ರ. 'ಆರೆಂಜ್ ಸಾಕ್ಸ್' ಅಂತಲೇ ಆಕೆಯನ್ನು ಕರೆದರು. 2019ರಲ್ಲಿ ಡಿಎನ್‌ಎ ಪರೀಕ್ಷೆಯ ನೆರವಿನಿಂದ ಹೆಸರು ಗೊತ್ತಾಯಿತು. ಡೆಬ್ರಾ ಜಾಕ್ಸನ್. ಕೊಂದೆ ಅಂತ ಸುಳ್ಳು ಹೇಳಿದವನ ಮೇಲೆ ಅಷ್ಟರಲ್ಲಿ ಸಿನಿಮಾನೇ ಬಂದು ಹೋಗಿತ್ತು. ನೀವು ಅವನನ್ನು ಪ್ಯಾರಾಕ್ಕೊಂದು ಸಲ ಹೊಗಳಿದ್ದೀರಿ. ಆಕೆಗೆ ಒಂದು ಸಾಲೂ ಇಲ್ಲ.

ನಾನು ಕೆಲಸ ಕಲಿತದ್ದು ಮೈಸೂರಿನ ಒಂದು ಸಂಜೆ ಪತ್ರಿಕೆಯಲ್ಲಿ. ಕ್ರೈಂ ಸುದ್ದಿ ನನ್ನ ಪಾಲಿಗೆ ಬಂದಿತ್ತು. ಪೊಲೀಸ್ ಪ್ರಕಟಣೆ ನೋಡಿ ಬರೆದುಕೊಟ್ಟರೆ ಡೆಸ್ಕಿನ ಹಿರಿಯರು ಮುಟ್ಟುತ್ತಿರಲಿಲ್ಲ. ವಿ.ಸಿ. ನಾಲೆಯಲ್ಲಿ ಶವ ಸಿಕ್ಕಿದೆ ಅಂದರೆ, "ಏನ್ ಕೆಲಸ ಮಾಡ್ಕೊಂಡಿದ್ರಂತೆ? ಮನೇಲಿ ಯಾರಿದ್ದಾರೆ?" ಅಂತ ಕೇಳೋರು. ಗೊತ್ತಿಲ್ಲ ಅಂದರೆ, "ಹಂಗಾದ್ರೆ ಪಾಂಡವಪುರದ ಬಸ್ ಹತ್ತು" ಅನ್ನೋರು. ಹೋಗಿ ಟೀ ಅಂಗಡಿಯವರನ್ನು, ಪಕ್ಕದ ಮನೆಯವರನ್ನು ಮಾತಾಡಿಸಿ ಬರಬೇಕಿತ್ತು. ಆಲೆಮನೆಯಲ್ಲಿ ಕೆಲಸ, ಮಗಳ ಮದುವೆಗೆ ಚೀಟಿ ಕಟ್ಟುತ್ತಿದ್ದರು. ಇಷ್ಟು ಸಿಕ್ಕರೂ ಅವರು ಅದನ್ನೇ ಮೊದಲ ಸಾಲು ಮಾಡುತ್ತಿದ್ದರು. 'ಭೀಕರ', 'ಬರ್ಬರ' ಇದ್ದಲ್ಲೆಲ್ಲ ಕೆಂಪು ಗೀಟು. ಏನಾಯಿತು ಅಂತ ಸರಿಯಾಗಿ ಬರೆದರೆ ಭಯ ತಾನಾಗಿ ಬರುತ್ತೆ ಅನ್ನುವುದು ಅವರ ನಂಬಿಕೆ. ಈಗ ನನ್ನದೂ ಅದೇ.

ಅದಕ್ಕೇ ನಿಮ್ಮ ಇನ್ನೊಂದು ಸಾಲು ನನ್ನನ್ನು ಬಹಳ ಕಾಡಿತು. 1974ರ 'ದಿ ಟೆಕ್ಸಸ್ ಚೈನ್ ಸಾ ಮ್ಯಾಸಕರ್' ಬಗ್ಗೆ "ತೆರೆಯ ಮೇಲೆ ರಕ್ತದ ಹೊಳೆಯೇ ಹರಿಯುತ್ತದೆ" ಅಂತ ಬರೆದಿದ್ದೀರಿ. ಇನ್ನೊಮ್ಮೆ ನೋಡಿ. ಆ ಸಿನಿಮಾದಲ್ಲಿ ರಕ್ತ ಬಹಳ ಕಡಿಮೆ. ಹುಡುಗಿಯನ್ನು ಕೊಕ್ಕೆಗೆ ಸಿಕ್ಕಿಸುವಾಗ ಕೊಕ್ಕೆ ಮೈಗೆ ಇಳಿಯುವುದನ್ನು ನಿರ್ದೇಶಕ ಟೋಬ್ ಹೂಪರ್ ತೋರಿಸುವುದಿಲ್ಲ. ಕೆಳಗೆ ಒಂದು ತೊಟ್ಟಿ ಇಟ್ಟಿದ್ದಾರೆ, ಅಷ್ಟೇ. ಅದು ಯಾಕಿದೆ ಅಂತ ನಮಗೆ ಹೊಳೆಯುತ್ತದಲ್ವಾ, ಹೊಟ್ಟೆ ತೊಳಸುವುದು ಆಗ. ನೀವು ನೋಡಿದ್ದು ತೊಟ್ಟಿ, ಬರೆದದ್ದು ಹೊಳೆ.

'ಹೆನ್ರಿ' ವಿಷಯಕ್ಕೆ ಮತ್ತೆ ಬರುತ್ತೇನೆ. ನಿರ್ದೇಶಕ ಜಾನ್ ಮೆಕ್‌ನಾಟನ್ ಅದನ್ನು ಷಿಕಾಗೊದಲ್ಲಿ ಸುಮಾರು 1,10,000 ಡಾಲರಿನಲ್ಲಿ, 16 ಎಂಎಂ ಫಿಲ್ಮಿನಲ್ಲಿ ತೆಗೆದರು. "ಬಡತನದಿಂದ ಚಿತ್ರ ಒರಟಾಗಿದೆ" ಅನ್ನುತ್ತೀರಿ. ಆ ಒರಟುತನವೇ ಭಯ ಹುಟ್ಟಿಸುವುದು. ಒಂದು ಮನೆಗೆ ನುಗ್ಗಿ ಇಡೀ ಕುಟುಂಬವನ್ನು ಕೊಲ್ಲುವ ದೃಶ್ಯ ಬರುತ್ತದೆ. ಹಂತಕರೇ ತೆಗೆದ ಮಸುಕು ವಿಡಿಯೊದಲ್ಲಿ ನಾವು ಅದನ್ನು ನೋಡುತ್ತೇವೆ. ಕೊನೆಗೆ ಗೊತ್ತಾಗುತ್ತದೆ, ಹೆನ್ರಿ ಮತ್ತು ಅವನ ಜೊತೆಗಾರ ಓಟಿಸ್ ತಮ್ಮ ಮನೆಯ ಸೋಫಾ ಮೇಲೆ ಕೂತು ಆ ಟೇಪನ್ನೇ ನೋಡುತ್ತಿದ್ದಾರೆ. ಇಷ್ಟು ಹೊತ್ತು ನಾವೂ ಅವರ ಪಕ್ಕದಲ್ಲೇ ಕೂತು ನೋಡಿದ್ದೇವೆ. ಓಟಿಸ್ ಟೇಪ್ ಹಿಂದಕ್ಕೆ ತಿರುಗಿಸಿ ನಿಧಾನಗತಿಯಲ್ಲಿ ಮತ್ತೆ ಹಾಕುತ್ತಾನೆ. ಇದನ್ನು "ಎದೆ ನಡುಗಿಸುವ ದೃಶ್ಯ" ಅಂತ ಮೂರೇ ಪದದಲ್ಲಿ ಮುಗಿಸಿಬಿಟ್ಟಿರಲ್ಲ! ಬರೆಯಬೇಕಾದದ್ದು ಇಲ್ಲೇ ಇತ್ತು.

ಇನ್ನೂ ಒಂದು ಗಮನಿಸಿ. ಆ ಸಿನಿಮಾ ಶುರುವಾಗುವುದೇ ಸತ್ತ ಹೆಂಗಸಿನ ಮುಖದಿಂದ. ಹುಲ್ಲಿನ ಮೇಲೆ ಬಿದ್ದಿದ್ದಾಳೆ, ಕ್ಯಾಮೆರಾ ನಿಧಾನಕ್ಕೆ ದೂರ ಸರಿಯುತ್ತದೆ. ನೀವು ಶುರು ಮಾಡಿದ್ದು ಕೊಂದವನಿಂದ.

ಮೊದಲ ಎರಡು ಪುಟ ತೆಗೆದುಹಾಕಿ. ಸೋಫಾ ದೃಶ್ಯದಿಂದ ಶುರು ಮಾಡಿ, ನೀವು ಕಂಡದ್ದನ್ನು, ಕೇಳಿದ್ದನ್ನು ಕ್ರಮವಾಗಿ ಬರೆಯಿರಿ. ಡೆಬ್ರಾ ಜಾಕ್ಸನ್ ಹೆಸರು ಇರಲಿ, 600 ಬೇಡ. ಉಳಿದ ಸಿನಿಮಾಗಳ ಪಟ್ಟಿ ಸುಮ್ನೆ ಜಾಗ ತಿನ್ನುತ್ತಿದೆ, ಬಿಟ್ಟುಬಿಡಿ. ತಿದ್ದಿ ನನಗೇ ಕಳಿಸಿ, ಬೇರೆ ಯಾರಿಗೂ ಕೊಡಬೇಡಿ.