ಹೋಮ್ ರನ್ ಲೆಕ್ಕ: ಹಳೆಯ ಅಂಕಿಗಳನ್ನು ಎಷ್ಟು ನಂಬಬಹುದು?

ಅಮೆರಿಕದ ಬೇಸ್‌ಬಾಲ್ ದಾಖಲೆಗಳ ಬಗ್ಗೆ ಬಂದ ಪತ್ರಗಳಲ್ಲಿ ಹೋಮ್ ರನ್‌ಗೆ ಸಂಬಂಧಿಸಿದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಆಟದ ಪರಿಚಯ ಇಲ್ಲದವರಿಗೆ ಒಂದು ಮಾತು: ಬ್ಯಾಟರ್ ಒಂದೇ ಹೊಡೆತಕ್ಕೆ ಮೂರು ಬೇಸ್‌ಗಳನ್ನೂ ಸುತ್ತಿ ಹೊರಟ ಜಾಗಕ್ಕೇ ಮರಳಿದರೆ ಅದು ಹೋಮ್ ರನ್. ಹೆಚ್ಚಿನ ಸಲ ಚೆಂಡು ಬೇಲಿ ದಾಟಿರುತ್ತದೆ.

ಪ್ರಶ್ನೆ: ಬೇಬ್ ರೂತ್ 714 ಹೋಮ್ ರನ್ ಹೊಡೆದ ಅಂತ ಎಲ್ಲ ಕಡೆ ಓದುತ್ತೇವೆ. ಟಿವಿ, ಕಂಪ್ಯೂಟರ್ ಏನೂ ಇಲ್ಲದ ಕಾಲದ ಲೆಕ್ಕ ಇಷ್ಟು ನಿಖರವಾಗಿರಲು ಸಾಧ್ಯವೇ? (ಮೈಸೂರಿನ ಓದುಗರು)

ಸಾಧ್ಯ. ಹಳೆಯ ಬೇಸ್‌ಬಾಲ್ ಅಂಕಿಗಳಲ್ಲಿ ಅತಿ ಹೆಚ್ಚು ನಂಬಬಹುದಾದವುಗಳ ಪೈಕಿ ಹೋಮ್ ರನ್ ಸಂಖ್ಯೆಯೂ ಒಂದು. ಯಾಕೆ ಎಂದು ತಿಳಿಯಲು ತಪ್ಪು ಎಲ್ಲಿ ನುಸುಳುತ್ತಿತ್ತು ಎಂಬುದನ್ನು ನೋಡಬೇಕು.

ಪ್ರತಿ ಪಂದ್ಯಕ್ಕೂ ಅಧಿಕೃತ ಸ್ಕೋರರ್ ಇರುತ್ತಿದ್ದ. ಅವನು ಬರೆದ ಹಾಳೆ ಲೀಗ್ ಕಚೇರಿಗೆ ಹೋಗುತ್ತಿತ್ತು. ಅಲ್ಲಿ ಆಟಗಾರನಿಗೊಂದು ಪುಟ, ಪಂದ್ಯಕ್ಕೊಂದು ಸಾಲು. ಎಲ್ಲವನ್ನೂ ಕೈಯಲ್ಲೇ ನಕಲು ಮಾಡುತ್ತಿದ್ದರು. ಹಳೆಯ ತಪ್ಪುಗಳಲ್ಲಿ ಬಹಳಷ್ಟು ಹುಟ್ಟಿದ್ದು ಮೈದಾನದಲ್ಲಲ್ಲ, ಈ ಮೇಜಿನ ಮೇಲೆ. ಟೈ ಕಾಬ್‌ನ 1910ರ ಪುಟದಲ್ಲಿ ಒಂದೇ ಪಂದ್ಯದ ಸಾಲು ಎರಡು ಸಲ ಸೇರಿತು. ಇದರಿಂದ ಅವನಿಗೆ ಎರಡು ಹಿಟ್ (ಬ್ಯಾಟರ್‌ನನ್ನು ಬೇಸ್ ತಲುಪಿಸುವ ಹೊಡೆತ) ಹೆಚ್ಚಾಗಿ ಬಂದವು. ಅದು ಬೆಳಕಿಗೆ ಬರುವಷ್ಟರಲ್ಲಿ ಎಪ್ಪತ್ತು ವರ್ಷ ಕಳೆದಿತ್ತು.

ಹೋಮ್ ರನ್ ಹೀಗೆ ಕಣ್ತಪ್ಪಿ ಹೋಗುವುದು ಕಷ್ಟ. ಅದು ಅಪರೂಪದ ಘಟನೆ, ಮರುದಿನದ ಪತ್ರಿಕೆಯಲ್ಲಿ ಹೊಡೆದವನ ಹೆಸರು ಬರುತ್ತಿತ್ತು, ರನ್ ಬಂದಿರುವುದರಿಂದ ಸ್ಕೋರ್‌ಗೂ ತಾಳೆ ನೋಡಬಹುದು. ಜಾನ್ ಟ್ಯಾಟರ್ಸಾಲ್ ಎಂಬ ಸಂಶೋಧಕ ಪತ್ರಿಕೆಗಳನ್ನು ಜಾಲಾಡಿ ಒಂದೊಂದೇ ಹೋಮ್ ರನ್ ಪಟ್ಟಿ ಮಾಡಿಟ್ಟರು. ಅವರ ನಂತರ ಬಾಬ್ ಮೆಕಾನೆಲ್, ಡೇವಿಡ್ ವಿನ್ಸೆಂಟ್ ಅದನ್ನು ತಿದ್ದಿ ಬೆಳೆಸಿದರು. 1989ರಲ್ಲಿ ಡೇವಿಡ್ ಸ್ಮಿತ್ ಆರಂಭಿಸಿದ ರೆಟ್ರೋಶೀಟ್ ಎಂಬ ಸಂಸ್ಥೆ ಹಳೆಯ ಪಂದ್ಯಗಳ ವಿವರವನ್ನೇ ಮತ್ತೆ ಕಟ್ಟುತ್ತಿದೆ. ಅಂದರೆ 714 ಎನ್ನುವುದು ಪುಟದ ಕೆಳಗೆ ಬರೆದ ಬರಿಯ ಮೊತ್ತವಲ್ಲ; ದಿನಾಂಕ, ಮೈದಾನ, ಎದುರಿಗಿದ್ದ ಪಿಚರ್ (ಚೆಂಡು ಎಸೆಯುವವನು) ಸಮೇತ 714 ಸಾಲುಗಳು.

ಒಂದು ಹೋಲಿಕೆ ನೋಡಿ. 1930ರಲ್ಲಿ ಹ್ಯಾಕ್ ವಿಲ್ಸನ್‌ನ ಆರ್‌ಬಿಐ, ಅಂದರೆ ಅವನ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್, 190 ಎಂದಿತ್ತು. 1999ರಲ್ಲಿ ಅದನ್ನು 191 ಎಂದು ತಿದ್ದಿದರು. 1961ರ ರೋಜರ್ ಮ್ಯಾರಿಸ್‌ನ ಆರ್‌ಬಿಐ 142ರಿಂದ 141ಕ್ಕೆ ಇಳಿಯಿತು. ಅದೇ ಋತುಗಳಲ್ಲಿ ವಿಲ್ಸನ್ ಹೊಡೆದ 56 ಹೋಮ್ ರನ್, ಮ್ಯಾರಿಸ್ ಹೊಡೆದ 61 ಹೋಮ್ ರನ್ ಎರಡೂ ಅಲುಗಾಡಲಿಲ್ಲ.

ಪ್ರಶ್ನೆ: ರೂತ್‌ನ ನಿಜವಾದ ಸಂಖ್ಯೆ 715 ಎಂದು ಒಬ್ಬರು ವಾದಿಸಿದರು. ಇದರಲ್ಲಿ ಹುರುಳಿದೆಯೇ? (ದಾವಣಗೆರೆಯ ಓದುಗರು)

ಇದೆ, ಆದರೆ ಅದು ಎಣಿಕೆಯ ತಪ್ಪಲ್ಲ, ನಿಯಮದ ವಿಷಯ. 1918ರ ಜುಲೈ 8, ಬಾಸ್ಟನ್‌ನ ಫೆನ್‌ವೇ ಪಾರ್ಕ್. ಹತ್ತನೇ ಇನಿಂಗ್ಸ್, ಎರಡೂ ತಂಡ ಸೊನ್ನೆ. ಮೊದಲ ಬೇಸ್‌ನಲ್ಲಿ ಜೊತೆಗಾರ ನಿಂತಿದ್ದಾಗ ರೂತ್ ಚೆಂಡನ್ನು ಬೇಲಿಯಾಚೆ ಕಳಿಸಿದ. ಇಂದಾಗಿದ್ದರೆ 2-0 ಗೆಲುವು, ರೂತ್‌ಗೆ ಹೋಮ್ ರನ್. ಆದರೆ ಅಂದಿನ ನಿಯಮದಲ್ಲಿ ಗೆಲುವಿಗೆ ಬೇಕಾದ ರನ್ ಬಂದ ಕ್ಷಣವೇ ಪಂದ್ಯ ಮುಗಿಯುತ್ತಿತ್ತು. ಮುಂದಿದ್ದ ಓಟಗಾರ ಹೊರಟ ಜಾಗ ಮುಟ್ಟುವಷ್ಟರಲ್ಲಿ ಹೊಡೆದವನು ಮೂರನೇ ಬೇಸ್‌ವರೆಗೆ ಬಂದಿರುತ್ತಾನೆ ಎಂಬ ಲೆಕ್ಕದಲ್ಲಿ ಅದನ್ನು ಟ್ರಿಪಲ್, ಅಂದರೆ ಮೂರು ಬೇಸ್‌ಗಳ ಹೊಡೆತ, ಎಂದು ಬರೆದರು. ಪಂದ್ಯ 1-0.

ನಿಯಮ 1920ರಲ್ಲಿ ಬದಲಾಯಿತು. 1960ರ ದಶಕದ ಕೊನೆಯಲ್ಲಿ ದಾಖಲೆ ಸಮಿತಿಯೊಂದು ಇಂಥ 37 ಹೊಡೆತಗಳನ್ನು ಗುರುತಿಸಿ ಹೋಮ್ ರನ್ ಎಂದೇ ಬರೆಯಲು ಹೊರಟಿತು. ರೂತ್ 715 ಆಗುತ್ತಿದ್ದ. ಆಮೇಲೆ ಸಮಿತಿಯೇ ಹಿಂದೆ ಸರಿಯಿತು. ಇದು ಸರಿಯಾದ ತೀರ್ಮಾನ ಎಂಬುದು ನಮ್ಮ ಅಭಿಪ್ರಾಯ. ಒಂದು ನಿಯಮವನ್ನು ಹಿಂದಕ್ಕೆ ಅನ್ವಯಿಸಿದರೆ ಮಿಕ್ಕವನ್ನೂ ಅನ್ವಯಿಸಬೇಕಾಗುತ್ತದೆ, ಅದಕ್ಕೆ ಬೇಕಾದ ವಿವರ ನಮ್ಮ ಬಳಿ ಇಲ್ಲ.

ಉದಾಹರಣೆಗೆ, ನೆಲಕ್ಕೆ ಪುಟಿದು ಬೇಲಿ ಹಾರಿದ ಚೆಂಡು. ಕ್ರಿಕೆಟ್‌ನಲ್ಲಿ ಪುಟಿದು ಗೆರೆ ದಾಟಿದರೆ ನಾಲ್ಕೇ ರನ್. ಬೇಸ್‌ಬಾಲ್‌ನಲ್ಲಿ ಮಾತ್ರ ಅದು ಬಹುಕಾಲ ಹೋಮ್ ರನ್ ಆಗಿತ್ತು. ಎರಡು ಮೇಜರ್ ಲೀಗ್‌ಗಳ ಪೈಕಿ ಅಮೆರಿಕನ್ ಲೀಗ್ 1930ರ ಋತುವಿಗೆ, ನ್ಯಾಷನಲ್ ಲೀಗ್ 1931ರ ಋತುವಿಗೆ ಅದನ್ನು ಡಬಲ್‌ಗೆ (ಎರಡು ಬೇಸ್‌ಗಳ ಹೊಡೆತಕ್ಕೆ) ಇಳಿಸಿದವು. ಫೌಲ್ ಕಂಬದ (ಮೈದಾನದ ಅಂಚಿನ ಗುರುತು; ಅದರ ಹೊರಗೆ ಹೋದ ಹೊಡೆತ ಫೌಲ್, ಹೋಮ್ ರನ್ ಅಲ್ಲ) ವಿಷಯವೂ ಹೀಗೇ. ಈಗ ಚೆಂಡು ಕಂಬವನ್ನು ಯಾವ ಬದಿಯಲ್ಲಿ ದಾಟಿತು ಎಂದು ನೋಡುತ್ತಾರೆ. ರೂತ್‌ನ ಕಾಲದ ಬಹುಭಾಗ ಅಂಪೈರ್ ನೋಡುತ್ತಿದ್ದದ್ದು ಚೆಂಡು ಕೊನೆಗೆ ಎಲ್ಲಿ ಬಿತ್ತು ಅಥವಾ ಎಲ್ಲಿ ಕಣ್ಮರೆಯಾಯಿತು ಎಂಬುದನ್ನು. ಒಳಗಿಂದ ದಾಟಿ ಹೊರಕ್ಕೆ ಬಾಗಿ ಬಿದ್ದ ಎಷ್ಟೋ ಹೊಡೆತಗಳು ಫೌಲ್ ಆಗಿ ಹೋದವು. ಅವುಗಳ ಲೆಕ್ಕ ಎಲ್ಲೂ ಉಳಿದಿಲ್ಲ.

ನಿಯಮ ಬದಲಾಗದೆಯೂ ಹೋಮ್ ರನ್ ಕೈಜಾರುತ್ತದೆ. 1931ರ ಏಪ್ರಿಲ್ 26ರಂದು ವಾಷಿಂಗ್ಟನ್‌ನಲ್ಲಿ ಲೂ ಗೆರಿಗ್ ಹೊಡೆದ ಚೆಂಡು ಪ್ರೇಕ್ಷಕರ ಸಾಲಿಗೆ ಬಡಿದು ವಾಪಸ್ ಚಿಮ್ಮಿ ಫೀಲ್ಡರ್ ಕೈಗೆ ಬಂತು. ಮುಂದೆ ಓಡುತ್ತಿದ್ದ ಲಿನ್ ಲ್ಯಾರಿ ಕ್ಯಾಚ್ ಆಯಿತೆಂದು ತಿಳಿದು, ಮೂರನೇ ಬೇಸ್ ದಾಟಿ ನೇರ ತಂಡದ ಬೆಂಚಿನ ಕಡೆ ನಡೆದ. ತಲೆ ತಗ್ಗಿಸಿ ಓಡುತ್ತಿದ್ದ ಗೆರಿಗ್ ಅವನನ್ನು ಹಿಂದೆ ಹಾಕಿದ. ಮುಂದಿನ ಓಟಗಾರನನ್ನು ದಾಟುವಂತಿಲ್ಲ. ಗೆರಿಗ್ ಔಟ್, ಬರೆದದ್ದು ಟ್ರಿಪಲ್. ಋತು ಮುಗಿದಾಗ ಗೆರಿಗ್ 46, ರೂತ್ 46.

ಪ್ರಶ್ನೆ: ಮ್ಯಾರಿಸ್‌ನ 61ರ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಇತ್ತಂತೆ, ನಿಜವೇ? (ಹುಬ್ಬಳ್ಳಿಯ ಓದುಗರು)

ಅಧಿಕೃತ ದಾಖಲೆಯಲ್ಲಿ ನಕ್ಷತ್ರ ಇರಲಿಲ್ಲ. 1961ರಲ್ಲಿ ಅಮೆರಿಕನ್ ಲೀಗ್ ಋತು 154 ಪಂದ್ಯಗಳಿಂದ 162ಕ್ಕೆ ಏರಿದ್ದರಿಂದ ಕಮಿಷನರ್ ಫೋರ್ಡ್ ಫ್ರಿಕ್ 1927ರ ರೂತ್‌ನ 60, ಮ್ಯಾರಿಸ್‌ನ 61 ಎಂಬ ಎರಡು ದಾಖಲೆಗಳನ್ನು ಬೇರೆಬೇರೆ ಸಾಲಿನಲ್ಲಿ ತೋರಿಸಬೇಕೆಂದರು. 1991ರಲ್ಲಿ ಆ ಭೇದ ತೆಗೆದು ಒಂದೇ ದಾಖಲೆ ಮಾಡಲಾಯಿತು.

ಪ್ರಶ್ನೆ: ಮಗಳು ಶಾಲೆಯ ಗಣಿತ ಪ್ರಾಜೆಕ್ಟ್‌ಗೆ ರೂತ್‌ನ 60, ಮ್ಯಾರಿಸ್‌ನ 61, ಬ್ಯಾರಿ ಬಾಂಡ್ಸ್‌ನ 73 ಹೋಲಿಸುತ್ತಿದ್ದಾಳೆ. ಬೇರೆ ಬೇರೆ ಕಾಲದವರನ್ನು ನ್ಯಾಯವಾಗಿ ಹೋಲಿಸುವ ಸುಲಭ ದಾರಿ ಇದೆಯೇ? (ನ್ಯೂಜೆರ್ಸಿಯ ಎಡಿಸನ್‌ನಿಂದ)

ಇದೆ, ಕ್ಯಾಲ್ಕುಲೇಟರ್ ಸಾಕು. ಆ ಋತುವಿನಲ್ಲಿ ಆಟಗಾರನ ಲೀಗ್‌ನ ಎಲ್ಲ ತಂಡಗಳೂ ಸೇರಿ ಹೊಡೆದ ಹೋಮ್ ರನ್ ತೆಗೆದುಕೊಳ್ಳಿ. ತಂಡಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ತಂಡದ ಸರಾಸರಿ ಸಿಗುತ್ತದೆ. ಆಟಗಾರನ ಸಂಖ್ಯೆಯನ್ನು ಈ ಸರಾಸರಿಯಿಂದ ಭಾಗಿಸಿ.

1927ರ ಅಮೆರಿಕನ್ ಲೀಗ್: 439 ಹೋಮ್ ರನ್, 8 ತಂಡ, ಸರಾಸರಿ 54.9. ರೂತ್‌ನ 60 ಅಂದರೆ 1.09. ಒಂದು ಇಡೀ ತಂಡಕ್ಕಿಂತ ಹೆಚ್ಚು!
1961ರ ಅಮೆರಿಕನ್ ಲೀಗ್: 1,534 ಹೋಮ್ ರನ್, 10 ತಂಡ, ಸರಾಸರಿ 153.4. ಮ್ಯಾರಿಸ್ 0.40.
2001ರ ನ್ಯಾಷನಲ್ ಲೀಗ್: 2,952 ಹೋಮ್ ರನ್, 16 ತಂಡ, ಸರಾಸರಿ 184.5. ಬಾಂಡ್ಸ್ 0.40.

61 ಮತ್ತು 73ರ ನಡುವಿನ ಹನ್ನೆರಡರ ಅಂತರ ಇಲ್ಲಿ ಕರಗಿಹೋಗುವುದನ್ನು ಮಗಳಿಗೆ ತೋರಿಸಿ. ಸಾಮಾನ್ಯವಾಗಿ ಆಗುವ ತಪ್ಪು ಲೀಗ್‌ನ ಮೊತ್ತದಲ್ಲಿ ನೇರವಾಗಿ ಶೇಕಡಾವಾರು ತೆಗೆಯುವುದು. ಹಾಗೆ ಮಾಡಿದರೆ ರೂತ್ ಶೇ 13.7, ಮ್ಯಾರಿಸ್ ಶೇ 4, ಬಾಂಡ್ಸ್ ಶೇ 2.5 ಬರುತ್ತದೆ. ತಂಡಗಳು 8ರಿಂದ 16 ಆದದ್ದಕ್ಕೇ ಪಾಲು ಅರ್ಧವಾಗುತ್ತದೆ, ಅದರಲ್ಲಿ ಬಾಂಡ್ಸ್‌ನ ತಪ್ಪೇನೂ ಇಲ್ಲ. ಎರಡೂ ಲೀಗ್‌ಗಳ ಮೊತ್ತವನ್ನು ಕೂಡಿಸಲೂ ಬೇಡಿ. 1997ಕ್ಕೆ ಮೊದಲು ಋತುವಿನ ಪಂದ್ಯಗಳಲ್ಲಿ ಅವು ಪರಸ್ಪರ ಎದುರಾಗುತ್ತಲೇ ಇರಲಿಲ್ಲ. 154 ಪಂದ್ಯ, 162 ಪಂದ್ಯ ಎಂಬ ವ್ಯತ್ಯಾಸಕ್ಕೆ ಬೇರೆ ತಿದ್ದುಪಡಿ ಬೇಕಿಲ್ಲ, ಭಾಜಕವೂ ಅದೇ ಪ್ರಮಾಣದಲ್ಲಿ ಹಿಗ್ಗಿರುತ್ತದೆ.

ಈ ಲೆಕ್ಕ ಹೇಳದ ಸಂಗತಿಗಳನ್ನೂ ಪ್ರಾಜೆಕ್ಟ್‌ನಲ್ಲಿ ಬರೆಯಲಿ. ರೂತ್ ಆಡಿದ ಲೀಗ್‌ನಲ್ಲಿ ಕಪ್ಪು ಆಟಗಾರರಿಗೆ ಪ್ರವೇಶವಿರಲಿಲ್ಲ. ಜಾಕಿ ರಾಬಿನ್ಸನ್ ಬಂದದ್ದು 1947ರಲ್ಲಿ. ಹಾಗಾಗಿ ಅಂದಿನ ಅತ್ಯುತ್ತಮ ಪಿಚರ್‌ಗಳಲ್ಲಿ ಎಷ್ಟೋ ಜನರನ್ನು ರೂತ್ ಲೀಗ್ ಪಂದ್ಯಗಳಲ್ಲಿ ಎದುರಿಸಲೇ ಇಲ್ಲ. ಬಾಂಡ್ಸ್‌ನ ಕಾಲಕ್ಕೆ ಉದ್ದೀಪನ ಮದ್ದಿನ ವಿವಾದ ಅಂಟಿಕೊಂಡಿದೆ. 73 ಎಂಬ ಎಣಿಕೆ ಸರಿಯೇ ಎಂಬುದು ಒಂದು ಪ್ರಶ್ನೆ, ಅದನ್ನು ಹೇಗೆ ಗೌರವಿಸಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೌದು. ಎರಡನೆಯದನ್ನು ಅಂಕಿಗಳಿಂದ ತೀರ್ಮಾನಿಸಲಾಗದು.

ಪ್ರಶ್ನೆ: ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಬೌಂಡರಿ ಚಿಕ್ಕದು, ಸಿಕ್ಸರ್ ಸುಲಭ ಎನ್ನುತ್ತಾರಲ್ಲ, ಬೇಸ್‌ಬಾಲ್‌ನಲ್ಲೂ ಮೈದಾನದ ಅಳತೆಯಿಂದ ದಾಖಲೆ ಕೆಟ್ಟದ್ದಿದೆಯೇ? (ಬೆಂಗಳೂರಿನ ಓದುಗರು)

1884ರ ಷಿಕಾಗೋ ಇದಕ್ಕೆ ಸ್ಪಷ್ಟ ಉದಾಹರಣೆ. ಅಲ್ಲಿನ ಲೇಕ್‌ಫ್ರಂಟ್ ಪಾರ್ಕ್‌ನ ಎಡ ಬೇಲಿ 180 ಅಡಿ, ಬಲ ಬೇಲಿ 196 ಅಡಿ ದೂರದಲ್ಲಿತ್ತು. ಹಿಂದಿನ ವರ್ಷ ಆ ಬೇಲಿ ದಾಟಿದರೆ ಡಬಲ್ ಎಂಬ ಸ್ಥಳೀಯ ನಿಯಮವಿತ್ತು. 1884ರಲ್ಲಿ ಅದನ್ನೇ ಹೋಮ್ ರನ್ ಮಾಡಿದರು. ನೆಡ್ ವಿಲಿಯಮ್ಸನ್ 27 ಹೊಡೆದ, ಅದರಲ್ಲಿ 25 ತವರಿನಲ್ಲೇ. ಅವನ ಜೊತೆಗಾರರು ಮೂವರು 25, 22, 21 ಹೊಡೆದರು. 1919ರಲ್ಲಿ ರೂತ್ 29 ಹೊಡೆಯುವವರೆಗೂ ಆ 27 ದಾಖಲೆಯಾಗಿ ನಿಂತಿತ್ತು.

ಮೆಲ್ ಆಟ್‌ನ 511ರಲ್ಲಿ 323 ತವರಿನವು, 188 ಹೊರಗಿನವು. ಎಡಗೈ ಬ್ಯಾಟರ್ ಆದ ಅವನಿಗೆ ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನ ಬಲ ಮೂಲೆ 260 ಅಡಿಗೂ ಹತ್ತಿರವಿತ್ತು. ಯಾವ ಹಳೆಯ ಸಂಖ್ಯೆ ಕಂಡರೂ ಮೊದಲು ತವರು-ಹೊರಗು ಎಂದು ಸೀಳಿ ನೋಡಿ. ಅರ್ಧಕ್ಕರ್ಧ ಇದ್ದರೆ ಮೈದಾನದ ಸಹಾಯ ಇರಲಿಲ್ಲವೆಂದು ಹೆಚ್ಚುಕಮ್ಮಿ ಹೇಳಬಹುದು.

ಪ್ರಶ್ನೆ: ಜಾಷ್ ಗಿಬ್ಸನ್ ಸುಮಾರು 800 ಹೋಮ್ ರನ್ ಹೊಡೆದನೆಂದು ಒಂದು ಕಡೆ, ಇನ್ನೂರೂ ಇಲ್ಲವೆಂದು ಇನ್ನೊಂದು ಕಡೆ. ಯಾವುದು ಸುಳ್ಳು? (ಮಂಗಳೂರಿನ ಓದುಗರು)

ಎರಡೂ ಬೇರೆ ಬೇರೆ ಸಂಗತಿಗಳ ಲೆಕ್ಕ. ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ ಫಲಕದಲ್ಲಿರುವ ‘ಸುಮಾರು 800’ ಎನ್ನುವುದು ಕಪ್ಪು ಆಟಗಾರರ ನೀಗ್ರೋ ಲೀಗ್ ಪಂದ್ಯಗಳ ಜೊತೆಗೆ ಊರೂರು ತಿರುಗಿ ಆಡಿದ ಸ್ವತಂತ್ರ ಪಂದ್ಯಗಳೂ ಸೇರಿದ ಅಂದಾಜು. ಆ ತಂಡಗಳ ಹೊಟ್ಟೆಪಾಡು ನಡೆಯುತ್ತಿದ್ದದ್ದು ಹೆಚ್ಚಾಗಿ ಅಂಥ ಪಂದ್ಯಗಳಿಂದ. ಇನ್ನೂರಕ್ಕೆ ಕಡಿಮೆ ಎನ್ನುವುದು ಲೀಗ್ ಪಂದ್ಯಗಳಲ್ಲಿ, ಅದೂ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಪಟ್ಟಿ) ಸಿಕ್ಕವುಗಳಲ್ಲಿ ಮಾತ್ರ. ಕಪ್ಪು ಸಮುದಾಯದ ವಾರಪತ್ರಿಕೆಗಳೇ ಮುಖ್ಯ ಆಧಾರ. ವಾರಕ್ಕೊಮ್ಮೆ ಬರುವ ಪತ್ರಿಕೆಯಲ್ಲಿ ಎಲ್ಲ ಪಂದ್ಯಕ್ಕೂ ಜಾಗ ಸಿಗುತ್ತಿರಲಿಲ್ಲ.

1920ರಿಂದ 1948ರವರೆಗಿನ ನೀಗ್ರೋ ಲೀಗ್ ಅಂಕಿಗಳನ್ನು 2024ರ ಮೇ ತಿಂಗಳಲ್ಲಿ ಮೇಜರ್ ಲೀಗ್ ದಾಖಲೆಗೆ ಸೇರಿಸಲಾಯಿತು. ಆಗ ಗಿಬ್ಸನ್‌ನ 0.372 ಬ್ಯಾಟಿಂಗ್ ಸರಾಸರಿ ಟೈ ಕಾಬ್‌ನನ್ನು, 0.718 ಸ್ಲಗಿಂಗ್ ಸರಾಸರಿ (ಹೊಡೆತಗಳಿಂದ ಗಳಿಸಿದ ಬೇಸ್‌ಗಳ ಸರಾಸರಿ) ರೂತ್‌ನ 0.690ನ್ನು ಹಿಂದೆ ಹಾಕಿತು. ಗಿಬ್ಸನ್ ವಿಷಯದಲ್ಲಿ ಸರಾಸರಿಗಳನ್ನು ಬಳಸಿ, ಒಟ್ಟು ಸಂಖ್ಯೆಯನ್ನು ರೂತ್ ಅಥವಾ ಹ್ಯಾಂಕ್ ಆರನ್‌ನ 755ರ ಪಕ್ಕ ಇಡಬೇಡಿ. ಸರಾಸರಿಗೆ ಸಿಕ್ಕ ಪಂದ್ಯಗಳು ಸಾಕು. ಒಟ್ಟು ಸಂಖ್ಯೆಗೆ ಪ್ರತಿಯೊಂದು ಪಂದ್ಯವೂ ಬೇಕು. ಅವನಿಗೆ ಆಡಲು ಬಿಟ್ಟ ಲೀಗ್ ಪಂದ್ಯಗಳೇ ಕಡಿಮೆ, ಅವುಗಳಲ್ಲೂ ಕೆಲವಕ್ಕೆ ಕಾಗದವಿಲ್ಲ. ಇದು ನೋವಿನ ಸಂಗತಿ.

ಪ್ರಶ್ನೆ: ಮಿಕ್ಕಿ ಮ್ಯಾಂಟಲ್ 565 ಅಡಿ ದೂರ ಹೊಡೆದದ್ದು ನಿಜವೇ? (ಶಿವಮೊಗ್ಗದ ಓದುಗರು)

ಹೋಮ್ ರನ್‌ಗಳ ಸಂಖ್ಯೆಯನ್ನು ನಂಬುವಷ್ಟು ಹಳೆಯ ದೂರಗಳನ್ನು ನಂಬಬೇಡಿ. 1953ರ ಏಪ್ರಿಲ್ 17ರಂದು ವಾಷಿಂಗ್ಟನ್‌ನ ಗ್ರಿಫಿತ್ ಸ್ಟೇಡಿಯಂನಲ್ಲಿ ಆ ಚೆಂಡು ಸ್ಕೋರ್ ಬೋರ್ಡ್ ಅಂಚಿಗೆ ತಗುಲಿ ಹೊರಗೆ ಹೋಯಿತು. 565 ಅಡಿ ಎನ್ನುವುದು ಹುಡುಗನೊಬ್ಬ ಚೆಂಡು ಸಿಕ್ಕಿತೆಂದು ತೋರಿಸಿದ ಜಾಗದವರೆಗಿನ ದೂರ. ಅದು ಚೆಂಡು ಬಿದ್ದ ಜಾಗ ಎನ್ನಲು ಆಧಾರವಿಲ್ಲ. ಪುಟಿದು, ಉರುಳಿ ಬಂದಿರಬಹುದು. 2015ರಿಂದ ಸ್ಟ್ಯಾಟ್‌ಕಾಸ್ಟ್ ಎಂಬ ವ್ಯವಸ್ಥೆ ಚೆಂಡಿನ ವೇಗ, ಕೋನ ಅಳೆದು, ಅಡ್ಡಿಯಿಲ್ಲದಿದ್ದರೆ ಅದು ಮೈದಾನದ ಮಟ್ಟಕ್ಕೆ ಎಲ್ಲಿ ಬರುತ್ತಿತ್ತು ಎಂದು ಲೆಕ್ಕ ಹಾಕುತ್ತದೆ. ಈ ಅಳತೆಯಲ್ಲಿ 2019ರಲ್ಲಿ ನೊಮಾರ್ ಮಜಾರಾ ಹೊಡೆದ 505 ಅಡಿಯೇ ದೊಡ್ಡ ಸುದ್ದಿಯಾಯಿತು.

ಪ್ರಶ್ನೆ: ಹಳೆಯ ಪುಸ್ತಕದಲ್ಲಿ ಒಂದು ಅಂಕಿ, ಈಗಿನ ಪಟ್ಟಿಯಲ್ಲಿ ಇನ್ನೊಂದು ಇದ್ದರೆ ಪರಿಶೀಲಿಸುವುದು ಹೇಗೆ? (ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ)

ಎರಡೂ ಒಂದೇ ವಸ್ತುವನ್ನು ಎಣಿಸಿವೆಯೇ ಎಂದು ಮೊದಲು ನೋಡಿ. ರೂತ್ ಋತುವಿನ ಕೊನೆಯ ಚಾಂಪಿಯನ್‌ಷಿಪ್ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಹೊಡೆದ 15 ಹೋಮ್ ರನ್ 714ರಲ್ಲಿ ಸೇರಿಲ್ಲ. 1890ರಲ್ಲಿ ಒಂದೇ ವರ್ಷ ನಡೆದ ಪ್ಲೇಯರ್ಸ್ ಲೀಗನ್ನು ಸೇರಿಸಿದ್ದಾರೆಯೇ ಎಂಬುದೂ ಮುಖ್ಯ. ಹಳಬರ ಅಂಕಿಗಳಲ್ಲಿ ಇದರಿಂದಲೂ ವ್ಯತ್ಯಾಸ ಬರುತ್ತದೆ.

ಆಮೇಲೆ ವರ್ಷವಾರು ಸಾಲುಗಳನ್ನು ಪಕ್ಕಪಕ್ಕ ಇಟ್ಟು ವ್ಯತ್ಯಾಸ ಯಾವ ವರ್ಷದ್ದೆಂದು ಹಿಡಿಯಿರಿ. ಆ ವರ್ಷದ ಪಂದ್ಯವಾರು ಪಟ್ಟಿ ತೆರೆದು ಹೋಮ್ ರನ್‌ಗಳನ್ನು ನೀವೇ ಕೂಡಿಸಿ. ಒಂದೇ ದಿನ ಎರಡು ಪಂದ್ಯ ನಡೆದ ದಿನಗಳ ಮೇಲೆ ವಿಶೇಷ ಕಣ್ಣಿಡಿ: ಎರಡರ ವಿವರ ಅದಲುಬದಲಾಗಿರುವುದು, ಒಂದೇ ಉಪನಾಮದ ಇಬ್ಬರ ಲೆಕ್ಕ ಬೆರೆತಿರುವುದು ಅಲ್ಲೇ ಹೆಚ್ಚು. ಅನುಮಾನದ ದಿನಕ್ಕೆ ಎರಡೂ ಊರಿನ ಪತ್ರಿಕೆಗಳ ವರದಿ ನೋಡಿ, ತವರು ಪತ್ರಿಕೆಯೊಂದೇ ಸಾಲದು. ಮಳೆಗೆ ಐದು ಇನಿಂಗ್ಸ್ ಮುಗಿಯದೆ ನಿಂತ ಪಂದ್ಯವಾಗಿದ್ದರೆ ಅದರ ಹೋಮ್ ರನ್ ಆ ಕಾಲದಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. 1961ರ ಜುಲೈ 17ರಂದು ಬಾಲ್ಟಿಮೋರ್‌ನಲ್ಲಿ ಮ್ಯಾರಿಸ್, ಮ್ಯಾಂಟಲ್ ಇಬ್ಬರೂ ಹೀಗೆ ಒಂದೊಂದು ಕಳೆದುಕೊಂಡರು.

ಈ ಕೆಲಸಕ್ಕೆ ತಾಳ್ಮೆ ಬೇಕು, ಆದರೆ ಫಲವಿದೆ. ರೂತ್‌ಗೆ ಮೊದಲು ಅತಿ ಹೆಚ್ಚು ಹೋಮ್ ರನ್ ಹೊಡೆದವನು ರೋಜರ್ ಕಾನರ್, 138. ರೂತ್ 1921ರಲ್ಲಿ ಆ ಸಂಖ್ಯೆ ದಾಟಿದಾಗ ಯಾರೂ ಸಂಭ್ರಮಿಸಲಿಲ್ಲ. ಹಳೆಯ ಪುಟಗಳನ್ನು ಕೂಡಿಸಿ ನೋಡಿದವರು ಆಗ ಇರಲಿಲ್ಲ.